ಮರದಲ್ಲಿ ಕೊರೆದ ಬಿರುಕು

ಶ್ರಾವಣದ ಮೊದಲ ಬುಧವಾರ, ಬೆಳಿಗ್ಗೆ ಏಳೂವರೆ. ಸ್ಥಳ ಸುರಪುರ, ಡ್ರೈವರನ ಮನೆಯ ಹಿತ್ತಲು. ಹಾಜರಿದ್ದವರು ಮೂವರು: ಡ್ರೈವರ್, ಅವನ ಹೆಂಡತಿ, ನಾನು. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಪಿಕಪ್ ಗಾಡಿ ಚಕ್ರಗಳಿಲ್ಲದೆ ನಾಲ್ಕು ಕಲ್ಲುಗಳ ಮೇಲೆ ಕುಳಿತಿತ್ತು. ಹಿಂದಿನ ತೊಟ್ಟಿಯಲ್ಲಿ ಏಳು ಕೋಳಿಗಳಿದ್ದವು. ಮೊದಲ ಕೆಲಸ ಅವನ್ನು ಇಳಿಸುವುದಾಯಿತು.

“ಬಾಡಿಗಿ ಇಲ್ಲದ ಇಷ್ಟ ವರ್ಷ ಕುಂತಾವ್ರಿ ಅಣ್ಣಾರ, ಸುಮ್ನ ಇಳಿಯಂಗಿಲ್ಲ ಅವು,” ಎಂದು ಡ್ರೈವರನ ಹೆಂಡತಿ ಕೋಲು ತಂದಳು.

ಡ್ರೈವರ್ ಹಗ್ಗ ಹೆಣೆದ ಹೊರಸಿನ ಮೇಲೆ ಕುಳಿತು, ಸಪ್ಪಳ ಬಂದ ಕಡೆಗೆಲ್ಲ ಮುಖ ತಿರುಗಿಸುತ್ತಿದ್ದ. ಸಕ್ಕರೆ ಕಾಯಿಲೆಯಿಂದ ಅವನ ಎರಡೂ ಕಣ್ಣು ಹೋಗಿದ್ದವು.

ನಾನು ಶಹಾಪುರದ ಹತ್ತಿರ ಒಂದು ಕಾಲುವೆ ಕ್ಯಾಂಪಿನ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿದ್ದವನು. ಕಾಲುವೆಗೆ ನೀರು ಬಿಡಲು ಶುರುವಾಗಿ ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. ಈ ಪಿಕಪ್ ನನ್ನ ಪಟ್ಟಿಯಲ್ಲಿದ್ದ ಹದಿನಾಲ್ಕು ಗಾಡಿಗಳಲ್ಲಿ ಒಂದು. ಒಂದು ಮಳೆಗಾಲ ಕಕ್ಕೇರಾ ಕಡೆ ಉಪಕಾಲುವೆಯ ಏರಿ ಒಡೆಯಿತು. ಡ್ರೈವರ್ ಎರಡು ಹಗಲು ಎರಡು ರಾತ್ರಿ ಮರಳು ಚೀಲ ಸಾಗಿಸಿದ. ಮೂರನೇ ದಿನ ಮಧ್ಯಾಹ್ನ ಏರಿಯ ಮೇಲಿನ ದಾರಿಯಲ್ಲಿ ಗಾಡಿ ಎಡಕ್ಕೆ ಹೊರಳಿ, ತುಂಬಿ ಹರಿಯುತ್ತಿದ್ದ ಕಾಲುವೆಗೆ ಬಿತ್ತು. ಡ್ರೈವರ್ ಈಜಿ ದಡ ಹತ್ತಿದ. ಹಿಂದೆ ಚೀಲಗಳ ಮೇಲೆ ಕುಳಿತಿದ್ದ ಗೇಟಿನ ಕಾವಲುಗಾರ ಮುಳುಗಿ ಸತ್ತ. ಅವನೂ ಸುರಪುರದವನೇ.

ವಿಚಾರಣೆಯಲ್ಲಿ ಡ್ರೈವರ್ ಹೇಳಿದ್ದು ಒಂದೇ ಮಾತು. ಸ್ಟೇರಿಂಗ್ ತಿರುಗಿತು, ಗಾಡಿ ತಿರುಗಲಿಲ್ಲ. ಎರಡು ದಿನ ನಿದ್ದೆಗೆಟ್ಟವನ ಮಾತನ್ನು ಯಾರೂ ನಂಬಲಿಲ್ಲ. ಅವನನ್ನು ಗಾಡಿಯಿಂದ ಇಳಿಸಿ ಉಗ್ರಾಣದ ಬಾಗಿಲಲ್ಲಿ ಕೂರಿಸಿದರು. ನಿವೃತ್ತಿಯವರೆಗೆ ಅಲ್ಲೇ ಕುಳಿತ. ಗಾಡಿ ಗುಜರಿಗೆ ಹೋಗುವ ಹೊತ್ತಿಗೆ ಕೇಳಿ ಪಡೆದು, ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೇರಿಸಿಕೊಂಡು ಮನೆಗೆ ತಂದ. ಯಾಕೆಂದು ಆಗ ಯಾರಿಗೂ ಹೇಳಲಿಲ್ಲ. ಗಾಡಿ ಬಿಚ್ಚಲು ನನ್ನನ್ನು ಕರೆಸಿಕೊಂಡ ಆ ಬುಧವಾರ ಹೇಳಿದ.

“ಗಾಡಿ ಓಡ್ಲಿ, ಬಿಡ್ಲಿ, ಅದ ಬ್ಯಾರೆ ಮಾತ್ರಿ ಫೋರ್‌ಮನ್ ಸಾಹೇಬ್ರ. ಆವತ್ತ ಸ್ಟೇರಿಂಗ್ ಕೇಳಲಿಲ್ಲೋ, ನನಗ ಕಣ್ಣ ಹತ್ತಿತ್ತೋ, ಅದೊಂದು ಗೊತ್ತಾಗಬೇಕು. ಮೊದಮೊದಲ ಖಾತ್ರಿ ಇತ್ತು. ಈಗ ಇಲ್ಲ. ಮಂದಿ ಅಂದಂದ, ಕಣ್ಣ ಹತ್ತಿತ್ತೇನೋ ಅಂತ ನನಗೂ ಅನಸಾಕತ್ತದ.”

“ಬಿಚ್ಚಿ ನೋಡೂಣು,” ಎಂದೆ.

ನಿವೃತ್ತಿಯಾದ ಮೇಲೆ ನಾನು ಮರದಲ್ಲಿ ಗಾಡಿಗಳ ಮಾದರಿ ಮಾಡುತ್ತ ಬಂದಿದ್ದೇನೆ. ಅಳತೆ ಎಂಟಕ್ಕೊಂದು, ಎಂಟು ಇಂಚಿನ ಕಬ್ಬಿಣ ಮರದಲ್ಲಿ ಒಂದು ಇಂಚು. ಈ ಪಿಕಪ್ಪಿಗೂ ಅದೇ ನಿಯಮ ಇಟ್ಟುಕೊಂಡೆ. ಬಿಚ್ಚಿದ ಪ್ರತಿ ಭಾಗವೂ ಮೊದಲು ಮರದಲ್ಲಿ ಆಗಬೇಕು, ಆಮೇಲೆ ಕಬ್ಬಿಣದ ದುರಸ್ತಿ. ಮರದಲ್ಲಿ ಮಾಡಬೇಕಾದರೆ ಅಳೆಯಲೇಬೇಕು. ಅಳೆದರೆ ಸವೆದದ್ದು, ಬಾಗಿದ್ದು, ಕಾಣೆಯಾದದ್ದು ತಾನಾಗಿ ಹೊರಬೀಳುತ್ತದೆ. ಈ ಸಲ ಇನ್ನೊಂದು ಕಾರಣವಿತ್ತು. ಹರಡಿ ಬಿದ್ದ ಗಾಡಿಯನ್ನು ಕಣ್ಣಿಲ್ಲದವನು ನೋಡಲಾರ. ತೊಡೆಯ ಮೇಲಿಟ್ಟ ಮಾದರಿಯನ್ನು ಬೆರಳಿಂದ ನೋಡಬಲ್ಲ.

ಬುಧವಾರ, ಶನಿವಾರ ಸುರಪುರದಲ್ಲಿ ಬಿಚ್ಚುವುದು, ತೊಳೆಯುವುದು, ಅಳೆಯುವುದು. ಉಳಿದ ದಿನ ಶಹಾಪುರದ ನನ್ನ ಮನೆಯಲ್ಲಿ ಮರಗೆಲಸ. ಭಾನುವಾರ ಉಳಿಗಳಿಗೆ ಸಾಣೆ. ಬಾಗಿಲು, ಬಾನೆಟ್ಟುಗಳಿಗೆ ತೆಳ್ಳಗೆ ಸೀಳಿದ ಸಾಗವಾನಿ. ಚಕ್ರಗಳಿಗೆ ಜಾಲಿ, ಹೊರಸಿನ ಕಾಲು ಕಡೆಯುವವನ ಹತ್ತಿರ ಕಡೆಸಿದೆ. ಗಾಡಿಯ ಕುಲುಕು ತಡೆಯುವ ಕಮಾನು ಪಟ್ಟಿಗಳಿಗೆ ಬಿದಿರು. ಅದನ್ನು ಒಂದು ದಿನ ನೀರಲ್ಲಿ ನೆನೆಸಿ, ಬಿಸಿ ಮರಳು ತುಂಬಿದ ಡಬ್ಬಿಗೆ ಒತ್ತಿ ಬಾಗಿಸಬೇಕು. ಅವಸರ ಮಾಡಿದರೆ ನಾರು ಬಿಡುತ್ತದೆ. ಬಾಗಿಲಿನ ಕೀಲುಗಳಿಗೆ ಹಿತ್ತಾಳೆ ತಂತಿ.

ಮೂರನೇ ವಾರ ಮುಂದಿನ ಎಡ ಕಮಾನು ಮಾಡಿ ಒಯ್ದೆ. ಡ್ರೈವರ್ ಅದನ್ನು ಹೆಬ್ಬೆರಳಿಂದ ಒಮ್ಮೆ ಸವರಿ ವಾಪಸು ಚಾಚಿದ.

“ಏಳ ಪಟ್ಟಿ ಮಾಡೀರಿ. ಎಂಟ ಇರ್ತಾವ.”

“ಗಾಡಿಯಾಗ ಏಳ ಅದಾವ. ಎಣಸೀನಿ.”

“ಒಂದು ಉದುರಿ ಹೋಗಿರಬೇಕು. ನಾ ಆ ಕಮಾನಿನ ಮ್ಯಾಲ ಒಂಬತ್ತ ವರ್ಷ ಕುಂತೀನ್ರಿ ಸಾಹೇಬ್ರ, ನನ್ನ ಬೆನ್ನಿಗಿ ಲೆಕ್ಕ ಗೊತ್ತದ.”

ಗಾಡಿಯಡಿ ಹೋಗಿ ನೋಡಿದೆ. ಪಟ್ಟಿಗಳನ್ನು ಬಿಗಿದಿಡುವ ಹಿಡಿಕೆ ಸಡಿಲಾಗಿತ್ತು, ನಡುವೆ ಒಂದು ಪಟ್ಟಿಯ ಜಾಗ ಖಾಲಿ. ಬೋಲ್ಟಿನ ಮೇಲೆ ಅದರ ಗುರುತು ಉಳಿದಿತ್ತು.

ಅದಾಗಿ ಮೂರು ವಾರಕ್ಕೆ ಬಾನೆಟ್ಟು ಮತ್ತು ಮುಂಭಾಗ ಕೂಡಿಸಿ ಒಯ್ದೆ. ಅದಕ್ಕೆ ಹನ್ನೊಂದು ದಿನ ಹಿಡಿದಿತ್ತು. ಮುಂದಿನ ಜಾಲರಿಯ ಒಂಬತ್ತು ಕಡ್ಡಿಗಳನ್ನು ಒಂದೊಂದಾಗಿ ಕೂರಿಸಿದ್ದೆ. ಅವನು ಎರಡೂ ಅಂಗೈ ಎರಡು ಬದಿಗೆ ಇಟ್ಟು ಮೇಲಿಂದ ಕೆಳಗೆ ಸವರಿದ. ಆಮೇಲೆ ನಗಲು ಶುರು ಮಾಡಿದ.

“ಎಡಕ್ಕ ಕುಸದದ. ನೀವು ಗಾಡಿ ಮಾಡೀರೋ, ಅಪಘಾತ ಮಾಡೀರೋ?”

“ಅಳತಿ ತಪ್ಪಿಲ್ಲ,” ಎಂದೆ.

“ಅಳತಿ ತಪ್ಪಿಲ್ಲ. ಬಾಗಿದ್ದ ಅಳದೀರಿ.”

ಅವನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಶಹಾಪುರಕ್ಕೆ ಬಂದು ಮುಂಭಾಗವನ್ನು ಕಿತ್ತು ಹೊಸದಾಗಿ ಕೂಡಿಸಿದೆ. ಹನ್ನೊಂದು ದಿನದ ಕೆಲಸ ಹೋಯಿತು. ಅವನು ಹೇಳಿದ್ದು ಸರಿ. ಕಣ್ಣೆದುರು ಇದ್ದದ್ದನ್ನು ಅಚ್ಚುಕಟ್ಟಾಗಿ ಬರೆದುಕೊಳ್ಳುವುದು ನನಗೆ ಚೆನ್ನಾಗಿ ಬರುತ್ತಿತ್ತು. ಅದು ಹಾಗೇಕಿದೆ ಎಂದು ಕೇಳುವ ರೂಢಿ ಇರಲಿಲ್ಲ.

ಇಂಜಿನ್ನಿನಲ್ಲಿ ಹೂಳು ಗಟ್ಟಿಯಾಗಿ ಪಿಸ್ಟನ್ನುಗಳು ಹಿಡಿದುಕೊಂಡಿದ್ದವು. ಒಂಬತ್ತು ದಿನ ಡೀಸೆಲ್ ತುಂಬಿಟ್ಟರೂ ಕೂದಲೆಳೆಯಷ್ಟೂ ಅಲುಗಲಿಲ್ಲ. ಯಾದಗಿರಿಯ ಗ್ಯಾರೇಜಿಗೆ ಕಳಿಸಿದೆ. ಆ ನಡುವೆ ಮಳೆ ಹಿಡಿದು ಎರಡು ಶನಿವಾರ ಕೆಲಸವಾಗಲಿಲ್ಲ. ಡ್ರೈವರನ ಕಾಲಿನ ಹುಣ್ಣು ಹೆಚ್ಚಾಯಿತು. ಗಾಡಿ ಮೊದಲು ಏಳುತ್ತದೋ, ಅವನು ಮೊದಲು ಮಲಗುತ್ತಾನೋ ಎಂಬಂತಾಗಿತ್ತು.

ಮಳೆ ಬಿಟ್ಟ ಶನಿವಾರ ಮುಂದಿನ ಆಕ್ಸಲ್ಲಿಗೆ ಕೈ ಹಾಕಿದೆ. ಅಂದು ಗಾಡಿಯ ಅಡಿಚೌಕಟ್ಟಿಗೆ ಬೆಸುಗೆ ಹಾಕಲು ಒಬ್ಬ ವೆಲ್ಡರ್ ಬಂದಿದ್ದ. ಕಡೇಚೂರಿನ ಕಾರ್ಖಾನೆಯೊಂದರಲ್ಲಿ ದುಡಿಯುವವನು, ಒಳ್ಳೆಯ ಕೈ. ಸ್ಟೇರಿಂಗ್ ಪೆಟ್ಟಿಗೆಯ ಸುತ್ತ ಕಾಲುವೆಯ ಹೂಳು ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಹಿಂದಿನ ಸಲವೇ ಅದಕ್ಕೆ ಒದ್ದೆ ಗೋಣಿ ಕಟ್ಟಿ ಹೋಗಿದ್ದೆ. ಮರದ ಉಳಿಯಿಂದ ಬಿಡಿಸಿ, ಸೀಮೆಎಣ್ಣೆಯಲ್ಲಿ ತೊಳೆದೆ. ಒಳಗೆ ಸ್ಟೇರಿಂಗ್ ತೋಳಿನ ಮೋಟು ಸಿಕ್ಕಿತು. ಆ ತೋಳು ಗಟ್ಟಿ ಕಬ್ಬಿಣದ, ಗೇಣಿಗಿಂತ ಗಿಡ್ಡ ತುಂಡು. ಡ್ರೈವರ್ ಸ್ಟೇರಿಂಗ್ ತಿರುಗಿಸಿದ್ದನ್ನು ಚಕ್ರಗಳಿಗೆ ಮುಟ್ಟಿಸುವುದು ಅದೇ. ಅದು ಬುಡದಲ್ಲಿ ಎರಡಾಗಿತ್ತು.

ಗ್ರೀಸು ಬೆರೆತ ಹೂಳು ಮುಚ್ಚಿದ್ದರಿಂದ ಮುರಿದ ಮುಖವನ್ನು ತುಕ್ಕು ಅಷ್ಟಾಗಿ ತಿಂದಿರಲಿಲ್ಲ. ಬಿಸಿಲಿಗೆ ಹಿಡಿದೆ. ಒಂದೇ ಹೊಡೆತಕ್ಕೆ ಮುರಿದ ಕಬ್ಬಿಣ ಒಡೆದ ಬೆಲ್ಲದ ಹಾಗೆ ಹರಳು ಹರಳಾಗಿರುತ್ತದೆ. ಇಲ್ಲಿ ಹಾಗಿದ್ದದ್ದು ಒಂದು ಅಂಚಿನಲ್ಲಿ ಮಾತ್ರ, ಎರಡು ಬೆಂಕಿಕಡ್ಡಿಯಷ್ಟು ಅಗಲ. ಉಳಿದದ್ದೆಲ್ಲ ನುಣುಪು. ಆ ನುಣುಪಿನ ಮೇಲೆ ಒಂದರ ಹಿಂದೊಂದು ಬಾಗಿದ ಗೆರೆಗಳು. ನೀರು ನಿಲ್ಲಿಸಿದಾಗ ಕಾಲುವೆಯ ಕಲ್ಲುಗೋಡೆಯ ಮೇಲೆ ದಿನಕ್ಕೊಂದು ಗುರುತು ಉಳಿಯುತ್ತದಲ್ಲ, ಹಾಗೆ. ಬಿರುಕು ವಾರಗಟ್ಟಲೆ ನಿಂತು ನಿಂತು ಮುಂದೆ ಹೋಗಿತ್ತು.

ವೆಲ್ಡರ್ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, ದನಿ ತಗ್ಗಿಸಿದ. “ಹಳೀ ಬಿರುಕ ಅದ ಸಾಬ್. ಆವಾಗ ಯಾರೂ ತಪಾಸ ಮಾಡಿಲ್ಲೇನು?”

ನಾನು ತುಂಡನ್ನು ಮತ್ತೊಮ್ಮೆ ಬಟ್ಟೆಯಿಂದ ಒರೆಸಿದೆ.

“ಇರ್ಲಿ ಬಿಡ್ರಿ. ಎರಡೂ ಕೂಡ್ಸಿ ಹೊಡದಬಿಡ್ತೀನಿ. ಮ್ಯಾಲ ಗ್ರೈಂಡರ್ ಹೊಡದ್ರ ಗೆರಿ ಸೈತ ಕಾಣಂಗಿಲ್ಲ.”

“ಬ್ಯಾಡ. ಇದನ್ನ ಬೆಸಿಗಿ ಮ್ಯಾಲ ನಂಬಾಕ ಬರಂಗಿಲ್ಲ. ಹೊಸಾದ ತರ್ತೀನಿ.”

ಹೊರಸಿನಿಂದ ಡ್ರೈವರ್ ಕೂಗಿದ. “ಏನ ಸಿಕ್ತರಿ?”

“ಸ್ಟೇರಿಂಗ್ ತೋಳು. ಮುರದದ.”

“ಅದ ಗೊತ್ತದ. ಬಿದ್ದ ಹೊಡತಕ್ಕ ಮುರದದ ಅಂತ ನೀವ ಬರದಿದ್ರಲ್ಲ.”

“ಹೂಂ,” ಎಂದೆ.

ಮುರಿದ ಎರಡು ತುಂಡನ್ನೂ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಸಂಜೆಯ ಬಸ್ಸು ಹಿಡಿದೆ. ಆ ‘ಹೂಂ’ ಶಹಾಪುರದವರೆಗೂ ಬಾಯಲ್ಲೇ ಇತ್ತು.

ಇಲ್ಲಿ ನಮ್ಮ ವರ್ಕ್‌ಶಾಪಿನ ಪದ್ಧತಿ ಹೇಳಬೇಕು. ತಿಂಗಳ ಮೊದಲ ಸೋಮವಾರ ಪ್ರತಿ ಗಾಡಿಯ ತಪಾಸಣೆ. ಪ್ರತಿ ಗಾಡಿಗೂ ಒಂದು ಕಾರ್ಡು, ಕಾರ್ಡಿನಲ್ಲಿ ಹದಿನೆಂಟು ಖಾನೆ. ಹನ್ನೊಂದನೆಯದು ಸ್ಟೇರಿಂಗ್ ತೋಳು. ಅದನ್ನು ಬರಿಗಣ್ಣಿಂದ ನೋಡಿದರೆ ಸಾಲದು. ಸೀಮೆಎಣ್ಣೆ ಹಚ್ಚಿ ನೆನೆಯಲು ಬಿಡಬೇಕು. ಆಮೇಲೆ ಪೂರ್ತಿ ಒರೆಸಿ, ಚಾಕ್ ಪುಡಿ ಸವರಿ ಕಾಯಬೇಕು. ಬಿರುಕಿದ್ದರೆ ಒಳಗೆ ಹೊಕ್ಕ ಎಣ್ಣೆ ಹೊರಗೆ ಬಂದು ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಈ ಪದ್ಧತಿ ತಂದವನು ನಾನೇ. ನನ್ನ ಇಡೀ ನೌಕರಿಯಲ್ಲಿ ಒಂದು ಕಾರ್ಡಿನಲ್ಲೂ ಒಂದು ಖಾನೆಯೂ ಖಾಲಿ ಉಳಿದಿರಲಿಲ್ಲ. ಬೇರೆ ಕ್ಯಾಂಪಿನವರು ಬಂದು ನೋಡಿ ಹೋಗುತ್ತಿದ್ದರು.

ಅಪಘಾತವಾದ ತಿಂಗಳಲ್ಲಿ ಆ ತಪಾಸಣೆಯ ಸೋಮವಾರವೇ ಏರಿ ಒಡೆದ ಸುದ್ದಿ ಬಂತು. ಪಿಕಪ್ಪಿನ ಹತ್ತು ಖಾನೆ ಮುಗಿದಿದ್ದವು. ಡ್ರೈವರ್ ಗಾಡಿ ಹೊರಡಿಸಿಕೊಂಡು ನಿಂತಿದ್ದ. ಉಳಿದ ಎಂಟಕ್ಕೆ ನಾನು ಕುಳಿತಲ್ಲೇ ಗುರುತು ಹಾಕಿದೆ. ಹನ್ನೊಂದನೇ ಖಾನೆ ಖಾಲಿ ಬಿಟ್ಟು ‘ಗಾಡಿ ತುರ್ತಿಗೆ ಹೋಯಿತು’ ಎಂದು ಬರೆದಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಗಾಡಿ ವಾಪಸು ಬಂದ ಮೇಲೆ ನೋಡಬೇಕೆಂಬ ನೆನಪಾದರೂ ಉಳಿಯುತ್ತಿತ್ತು. ಖಾಲಿ ಖಾನೆಯನ್ನು ನನ್ನ ಕಣ್ಣು ಸಹಿಸಲಿಲ್ಲ, ಅಷ್ಟೆ. ಗಾಡಿಯನ್ನು ಕಾಲುವೆಯಿಂದ ಎತ್ತಿದ ದಿನ ಬಗ್ಗಿ ನೋಡಿದೆ. ತೋಳು ತುಂಡಾಗಿತ್ತು, ಮೇಲೆಲ್ಲ ಕೆಸರು. ತೊಳೆದು ನೋಡಲಿಲ್ಲ. ಬಿದ್ದ ಹೊಡೆತಕ್ಕೆ ಮುರಿದಿದೆ ಎಂದು ಬರೆದು ಸಹಿ ಹಾಕಿದೆ. ಇದೆಲ್ಲ ಮರೆತಿತ್ತೇ ಎಂದರೆ, ಇಲ್ಲ. ಮರೆತಿರಲಿಲ್ಲ.

ಭಾನುವಾರ ಉಳಿಗಳಿಗೆ ಸಾಣೆ ಹಿಡಿದೆ. ಸೋಮವಾರ ಮಾದರಿಯ ಚಕ್ರಗಳಿಗೆ ಪಾಲಿಶ್ ಕಾಗದ ಉಜ್ಜಿದೆ. ವೇಳಾಪಟ್ಟಿ ತಪ್ಪಲಿಲ್ಲ, ಕೆಲಸವೂ ಸಾಗಲಿಲ್ಲ. ಎಂಟಕ್ಕೊಂದರ ಅಳತೆಯಲ್ಲಿ ಆ ತೋಳು ಮುಕ್ಕಾಲು ಇಂಚು ಬರುತ್ತದೆ. ಅದನ್ನೂ ಮಾಡಿದೆ. ನೆಟ್ಟಗೆ, ಅಂದವಾಗಿ, ಬಿರುಕಿಲ್ಲದೆ ಬಂತು. ಮಾದರಿಗೆ ಕೂರಿಸಿ ನೋಡಿದೆ, ಮತ್ತೆ ತೆಗೆದೆ.

ಮಂಗಳವಾರ ಬೆಳಿಗ್ಗೆ ತೀರ್ಮಾನ ಮಾಡಿದೆ. ಮುರಿದ ಕಬ್ಬಿಣವನ್ನೇ ಅವನ ಕೈಗೆ ಕೊಡಬಹುದಿತ್ತು. ಆದರೆ ಆ ಗೆರೆಗಳು ಕಣ್ಣಿಗೆ ಕಾಣುವಂಥವು, ಬೆರಳಿಗೆ ಸಿಗುವಂಥವಲ್ಲ. ನಾನೇ ಕಣ್ಣು ಮುಚ್ಚಿ ಸವರಿ ನೋಡಿದೆ, ಏನೂ ತಿಳಿಯಲಿಲ್ಲ. ಬಾಯಿಮಾತಲ್ಲಿ ಹೇಳಿದರೆ ಮತ್ತೆ ನನ್ನ ಮಾತನ್ನೇ ಅವನು ನಂಬಬೇಕು. ಅದಕ್ಕೆ ಆ ಮುರಿದ ಮುಖವನ್ನು ನಾಲ್ಕು ಪಟ್ಟು ದೊಡ್ಡದಾಗಿ ಮರದಲ್ಲಿ ಮಾಡಲು ಕುಳಿತೆ. ಇಷ್ಟು ವರ್ಷ ದೊಡ್ಡದನ್ನು ಚಿಕ್ಕದು ಮಾಡಿದವನು ನಾನು. ದೊಡ್ಡದು ಮಾಡಿದ್ದು ಅದೊಂದೇ ಸಲ.

ಸಾಗವಾನಿಯ ಮೂರು ಹಲಗೆ ಅಂಟಿಸಿ ದಿಮ್ಮಿ ಮಾಡಿಕೊಂಡೆ. ಕಬ್ಬಿಣದ ಮುಖಕ್ಕೆ ತೆಳು ಕಾಗದ ಒತ್ತಿ, ಪೆನ್ಸಿಲ್ ಉಜ್ಜಿ ಗೆರೆಗಳನ್ನು ಎತ್ತಿಕೊಂಡೆ. ಅದರ ಮೇಲೆ ಚೌಕ ಎಳೆದು, ನಾಲ್ಕು ಪಟ್ಟು ಚೌಕದಲ್ಲಿ ಮರಕ್ಕೆ ಇಳಿಸಿದೆ. ನುಣುಪು ಭಾಗವನ್ನು ಉಗುರಿಗೆ ತಾಗುವಷ್ಟೇ ಎತ್ತರದ ಮೆಟ್ಟಿಲುಗಳಾಗಿ ಕೊರೆದೆ. ಎಣಿಸಲು ಬಂದ ಗೆರೆ ಏಳು, ಏಳೇ ಮೆಟ್ಟಿಲು. ಕೊನೆಯ ಅಂಚಿಗೆ ಮೊಳೆಯ ತುದಿಯಿಂದ ಚುಚ್ಚಿ ಚುಚ್ಚಿ ಒರಟು ಮಾಡಿದೆ. ಬುಧವಾರ ಸುರಪುರಕ್ಕೆ ಹೋಗಲಿಲ್ಲ. ಮಳೆಯ ಕಾರಣವಿಲ್ಲದೆ ಅದು ಮೊದಲ ಗೈರುಹಾಜರಿ. ಗುರುವಾರ ಯಾದಗಿರಿಗೆ ಹೋಗಿ, ಗುಜರಿಯಲ್ಲಿ ಅದೇ ಜಾತಿಯ ಗಾಡಿಯ ಒಳ್ಳೆಯ ತೋಳು ಹುಡುಕಿ ತಂದೆ.

ಶನಿವಾರ, ಏಳೂವರೆ. ಹಾಜರಿದ್ದವರು ಅದೇ ಮೂವರು. ಡ್ರೈವರನ ಕಾಲಿಗೆ ಪಟ್ಟಿ ಸುತ್ತಿತ್ತು.

“ಬುಧವಾರ ಬರಲಿಲ್ಲ. ಸತ್ರೇನೋ ಅಂದುಕೊಂಡೆ,” ಎಂದ.

ಮರದ ತುಂಡನ್ನು ಅವನ ತೊಡೆಯ ಮೇಲಿಟ್ಟೆ.

“ಇದೇನ್ರಿ? ಒನಕಿ ತುಂಡೇನು?”

“ಸ್ಟೇರಿಂಗ್ ತೋಳು. ಮುರದ ಜಾಗಾ. ನಾಕ್ ಪಟ್ಟು ದೊಡ್ಡದು ಮಾಡೀನಿ. ಸಾವಕಾಶ ನೋಡು.”

ಅವನ ಹೆಬ್ಬೆರಳು ಅಂಚಿನಿಂದ ಒಳಕ್ಕೆ ಸರಿಯಿತು. “ನುಣ್ಣಗದ... ಇಲ್ಲೊಂದ ಮೆಟ್ಟಿಲ. ಇನ್ನೊಂದು.” ಕೊನೆಯವರೆಗೆ ಎಣಿಸಿದ. “ಏಳು. ಕಾಲಿವಿ ನೀರ ಇಳದಂಗ ಅದ.”

“ಒಂದೊಂದ ಮೆಟ್ಟಿಲಕ ಬಿರುಕು ಒಂದೀಟ ಮುಂದ ಹೋಗ್ಯದ. ವಾರಗಟ್ಟಲೆ.”

“ಇಲ್ಲಿ ಒರಟದ.”

“ಅದಷ್ಟ ಆವತ್ತ ಮುರದದ್ದು. ಉಳದದ್ದೆಲ್ಲಾ ಮೊದಲ ಹೋಗಿತ್ತು.”

ಅವನ ಹೆಬ್ಬೆರಳು ಒರಟು ಅಂಚಿನ ಮೇಲೇ ನಿಂತಿತು. ಅವನ ಹೆಂಡತಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

“ಹಂಗಾರ ಸ್ಟೇರಿಂಗ್ ತಿರುಗಿತ್ತು, ಗಾಡಿ ತಿರುಗಲಿಲ್ಲ.”

“ಹೌದು.”

“ನನಗ ಕಣ್ಣ ಹತ್ತಿರಲಿಲ್ಲ.”

“ಇಲ್ಲ.”

ಬೆರಳನ್ನು ಮೆಟ್ಟಿಲುಗಳ ಮೇಲೆ ಹಿಂದಕ್ಕೆ ತಂದು ಕೇಳಿದ. “ಚಾಕ್ ಹಚ್ಚಿದ್ರ ಗೆರಿ ಕಾಣಬೇಕಿತ್ತಲ್ಲ?”

“ಕಾಣತಿತ್ತು.”

“ಹಚ್ಚಿದ್ರೇನು?”

“ಇಲ್ಲ. ಹಚ್ಚದನ ಗುರುತ ಹಾಕಿದೆ.”

ಅವನು ಬೈಯುತ್ತಾನೆಂದು ನಿಂತಿದ್ದೆ. ಬೈಯಲಿಲ್ಲ. ಮರದ ತುಂಡನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡ. “ಕಣ್ಣ ಮುಚ್ಚಿದ್ರ ಸಾಕು, ಅಂವ ಮುಳಗತಿದ್ದ. ನಿದ್ದಿ ಅಂದ್ರ ಕೊಲಿ ಮಾಡಿದಂಗ ಅನಸತಿತ್ತು ಸಾಹೇಬ್ರ. ಇಕಿನ್ನ ಕೇಳ್ರಿ, ನಾ ಎಷ್ಟ ದಿನ ನೆಟ್ಟಗ ಮಲಗೀನಿ ಅಂತ.”

ಅವಳು ನನ್ನನ್ನು ನೋಡಲಿಲ್ಲ.

“ನನಗ ಹೇಳಿದ್ರ ಮುಗೀಲಿಲ್ಲ,” ಎಂದು ಅವನು ಎದ್ದ. “ಸತ್ತಾಂವನ ಹೆಂಡ್ತಿ ಮುಂದ ಹೇಳ್ರಿ. ನಾ ಹೇಳಿದ್ರ ತಪ್ಪಿಸಿಗೊಳ್ಳಾಕ ಹೇಳ್ತಾನ ಅಂತಾರ. ನಡೀರಿ.”

ಕಾವಲುಗಾರನ ಹೆಂಡತಿಯ ಮನೆ ಕೆಳಗಿನ ಓಣಿಯಲ್ಲಿ, ನಡೆದರೆ ಹತ್ತು ನಿಮಿಷ. ಡ್ರೈವರನ ಕಾಲಿನ ಪಟ್ಟಿಯಿಂದಾಗಿ ನಮಗೆ ಮೂವರಿಗೂ ಅರ್ಧ ಗಂಟೆ ಹಿಡಿಯಿತು. ಆ ಓಣಿಗೆ ಅವನು ಅಂದಿನಿಂದ ಕಾಲಿಟ್ಟಿರಲಿಲ್ಲ. ಕಣ್ಣಿದ್ದಾಗಲೂ ಬಜಾರಿಗೆ ಸುತ್ತು ಹೊಡೆದು ಹೋಗುತ್ತಿದ್ದನಂತೆ. ಕಾವಲುಗಾರನ ಹೆಂಡತಿ ಬಾಗಿಲಲ್ಲಿ ಕೌದಿ ಹೊಲಿಯುತ್ತಿದ್ದಳು. ನಾನು ನಿಂತೇ ಹೇಳಿದೆ. ನಾಲ್ಕು ಮಾತಿನಲ್ಲಿ ಮುಗಿಯಿತು. ಅವಳು ಸೂಜಿಯನ್ನು ಕೌದಿಗೆ ಚುಚ್ಚಿ ನಿಲ್ಲಿಸಿದಳು.

“ಆ ಚಾಕ್ ಹಚ್ಚಾಕ ಎಷ್ಟ ಹೊತ್ತ ಬೇಕಿತ್ರಿ?”

“ಇಪ್ಪತ್ತು ನಿಮಿಷ.”

ಅವಳು ಡ್ರೈವರನ ಕಡೆ ತಿರುಗಿದಳು. “ನೀ ಯಾಕ ಇಷ್ಟ ವರ್ಷ ಬರಲಿಲ್ಲೋ?”

“ಬರಾಕ ಮಾರಿ ಇರಲಿಲ್ಲವ್ವಾ.”

“ಒಳಗ ಬಾ. ಚಾ ಕುಡದ ಹೋಗ.”

ಡ್ರೈವರ್, ಅವನ ಹೆಂಡತಿ ಒಳಗೆ ಹೋದರು. ನನ್ನನ್ನು ಮನೆಯವಳು ಕರೆಯಲಿಲ್ಲ. ನಾನು ಹೊರಗಿನ ಕಲ್ಲಿನ ಮೇಲೆ ಊಟದ ಹೊತ್ತು ಮೀರುವವರೆಗೆ ಕುಳಿತಿದ್ದೆ. ಒಳಗೆ ಬಟ್ಟಲುಗಳ ಸಪ್ಪಳ, ನಡುವೆ ಒಮ್ಮೆ ಅಳು. ಯಾರದೆಂದು ತಿಳಿಯಲಿಲ್ಲ.

ಹಿತ್ತಲಿಗೆ ಮರಳಿದಾಗ ಮಧ್ಯಾಹ್ನ ಒಂದೂವರೆ. ನಾನು ಚೀಲ ಕಟ್ಟಿಕೊಳ್ಳುತ್ತಿದ್ದ ಸಪ್ಪಳ ಡ್ರೈವರನಿಗೆ ಕೇಳಿತು.

“ಬಿಟ್ಟ ಹೋಗಾಕ ಬರಂಗಿಲ್ಲರಿ. ತಂದ ತೋಳು ಕೂಡ್ಸಿ ಹೋಗ್ರಿ.”

ಎರಡು ಗಂಟೆಗೆ ಶುರು ಮಾಡಿದೆ. ಸ್ಟೇರಿಂಗ್ ಪೆಟ್ಟಿಗೆಯ ಹಲ್ಲುಗಳನ್ನು ತಂತಿ ಬ್ರಶ್ಶಿನಿಂದ ಉಜ್ಜಿದೆ. ತೋಳನ್ನು ಗುರುತಿಗೆ ಗುರುತು ಕೂಡಿಸಿ ಏರಿಸಿದೆ. ನಟ್ಟು ಹಾಕುವ ಮೊದಲು ಅವನು ಹೊರಸು ಗಾಡಿಯ ಹತ್ತಿರಕ್ಕೆ ಎಳೆಸಿಕೊಂಡ.

“ಈಗ ಚಾಕ್ ಹಚ್ರಿ.”

ಸೀಮೆಎಣ್ಣೆ ಹಚ್ಚಿದೆ. ಅವನು ಕೈ ಚಾಚಿ ಮುಟ್ಟಿ, ಬೆರಳು ಮೂಸಿ ನೋಡಿದ. ಒರೆಸಿ ಚಾಕ್ ಸವರಿದೆ. ಮತ್ತೆ ಮುಟ್ಟಿದ. ಬೆರಳನ್ನು ಹೆಂಡತಿಯ ಕಡೆ ಹಿಡಿದ.

“ಬೆಳ್ಳಗದ,” ಎಂದಳು. ಅವನು ಮುಟ್ಟಿದ ಜಾಗಕ್ಕೆ ಇನ್ನೊಮ್ಮೆ ಸವರಿದೆ.

“ನಿಮ್ಮ ಗಡಿಯಾರ ಅಕಿ ಕೈಯಾಗ ಕೊಡ್ರಿ.”

ಕೊಟ್ಟೆ. ಮೂವರೂ ಕಾಯುತ್ತ ಕುಳಿತೆವು. ಕೋಳಿಗಳು ಮತ್ತೆ ತೊಟ್ಟಿ ಹತ್ತಿದವು, ಯಾರೂ ಓಡಿಸಲಿಲ್ಲ. ಇಪ್ಪತ್ತು ನಿಮಿಷ ಎಷ್ಟು ಉದ್ದವೆಂದು ನಾನು ಅಂದಿನವರೆಗೆ ಕುಳಿತು ನೋಡಿರಲಿಲ್ಲ.

“ಆತ್ರಿ,” ಎಂದಳು ಅವಳು.

“ಗೆರಿ ಅದ ಏನು?” ಅವನು ಕೇಳಿದ್ದು ನನ್ನನ್ನಲ್ಲ, ಅವಳನ್ನು.

ಅವಳು ಬಗ್ಗಿ, ಸುತ್ತಲೂ ನೋಡಿದಳು. “ಇಲ್ಲ. ಎಲ್ಲಾ ಬೆಳ್ಳಗದ.”

ಚಾಕ್ ಒರೆಸಿದೆ. ನಟ್ಟು ಬಿಗಿದು, ಪಿನ್ನು ತೂರಿಸಿ, ಅದರ ಎರಡೂ ಕಾಲು ಮಡಚಿದೆ. ಈ ಗಾಡಿಗೆಂದು ಬರೆದಿಟ್ಟಿದ್ದ ಹೊಸ ಕಾರ್ಡನ್ನು ಚೀಲದಿಂದ ತೆಗೆದು, ಹನ್ನೊಂದನೇ ಖಾನೆ ತೋರಿಸಿ ಪೆನ್ನು ಅವಳ ಕೈಗೆ ಕೊಟ್ಟೆ. ಅವಳು ಗುರುತು ಹಾಕಿದಳು. ಉಳಿದ ಹದಿನೇಳು ಖಾನೆ ಖಾಲಿ ಬಿಟ್ಟು ಕಾರ್ಡನ್ನು ಗಾಡಿಯ ಒಳಗೆ ತೂಗುಹಾಕಿದೆ. ಸಮಯ ಐದು ಗಂಟೆ ಹತ್ತು ನಿಮಿಷ.